ಎರಡು ನಿಮಿಷದ ಗಡಿಯಾರ

ಸನ್ನತಿಯ ಅಂಬರಾಯನ ಮಗ ಅಂಬರೇಶನಿಗೆ ಇಪ್ಪತ್ತಾರು ವರ್ಷ. ವೆಬ್‌ಸೈಟ್ ಮಾಡುವುದು ಕೆಲಸ. ಚಿತ್ತಾಪುರದಲ್ಲಿ ಓದಿ, ಶಹಾಬಾದಿನ ಒಂದು ಮಹಡಿ ಕೋಣೆಯಲ್ಲಿ ಧರ್ಮಣ್ಣನವರ ಕೈಕೆಳಗೆ ಸಂಬಳಕ್ಕೆ ಸೇರಿ ಎರಡು ವರ್ಷವಾಗಿತ್ತು. ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರಿಗಳಿಗೆ ಅವನು ಮಾಡಿಕೊಟ್ಟ ಹನ್ನೊಂದು ಸೈಟುಗಳೂ ಒಂದೇ ಥರ ಇದ್ದವು. ಅದನ್ನು ಅವನು ತನ್ನ ಶೈಲಿ ಎನ್ನುತ್ತಿದ್ದ.

ಹೋದ ತಿಂಗಳು ಧರ್ಮಣ್ಣ ಅವನನ್ನು ಹೈದರಾಬಾದಿಗೆ, ವೆಬ್ ಕೆಲಸದವರ ಸಮ್ಮೇಳನಕ್ಕೆ ಕಳಿಸಿದರು. ಬಂದ ಮೇಲೆ ಮೆಚ್ಚಿದ ಮೂರು ಭಾಷಣಗಳ ಬಗ್ಗೆ ಆಫೀಸಿನಲ್ಲಿ ಹೇಳಬೇಕೆಂಬ ಕರಾರು. ವಾಡಿಯಲ್ಲಿ ರೈಲು ಹತ್ತುವಾಗಲೇ ಅವನ ನಡಿಗೆ ಬದಲಾಗಿತ್ತು. ಸಮ್ಮೇಳನದ ಮೊದಲ ಭಾಷಣದಲ್ಲಿ ಒಬ್ಬ ಹುಡುಗ, ಪುಟದ ಮೇಲೆ ಓಡುವ ಗಡಿಯಾರ ಇಡಿ, ಎಷ್ಟು ಉಳಿದಿದೆ ಎಂದು ತೋರಿಸಿ, ಜನ ತಡಮಾಡುವುದಿಲ್ಲ ಎಂದ. ಅಂಬರೇಶ ಎದ್ದು ನಿಂತು ಚಪ್ಪಾಳೆ ಹೊಡೆದ. ಎರಡನೆಯ ಭಾಷಣ ಬಣ್ಣಗಳದ್ದು. ಮೂರನೆಯದು ಒಬ್ಬ ಹಿರಿಯ ಹೆಂಗಸಿನದು. ಅದರ ನಡುವೆಯೇ ಅವನು ಊಟದ ಸಾಲಿಗೆ ಎದ್ದು ಹೋಗಿದ್ದ. ಮೂರಾಗಬೇಕಲ್ಲ, ಅದನ್ನೂ ಪಟ್ಟಿಗೆ ಸೇರಿಸಿಕೊಂಡ.

ಆ ಭಾಷಣಗಳ ವರದಿ ಆಫೀಸಿನಲ್ಲಿ ಒಪ್ಪಿಸುವ ದಿನವೇ ಸೇಡಂನ ಹೆಣ್ಣುಮಕ್ಕಳ ಹಾಸ್ಟೆಲಿನ ಅರ್ಜಿ ಪುಟವೂ ತೆರೆಯಿತು. ಬೆಳಿಗ್ಗೆ ಹತ್ತಕ್ಕೆ ಶುರು, ನಲವತ್ತು ಸೀಟು, ಮೊದಲು ಬಂದವರಿಗೆ ಮೊದಲು. ಪುಟ ಅಂಬರೇಶನದೇ. ನೆತ್ತಿಯ ಮೇಲೆ ಎರಡು ನಿಮಿಷದ ಕೆಂಪು ಗಡಿಯಾರ, ಪಕ್ಕದಲ್ಲಿ ಉಳಿದ ಸೀಟಿನ ಸಂಖ್ಯೆ. ಸಮಯ ಮುಗಿದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು.

ಹಾಸ್ಟೆಲಿನ ವಾರ್ಡನ್ ಲಲಿತಾಬಾಯಿ ಅರ್ಜಿ ನೋಡಿಕೊಳ್ಳಲು ಆಫೀಸಿಗೇ ಬಂದು ಕುಳಿತಿದ್ದರು. ಅಂಬರೇಶ ವರದಿ ಹೇಳುತ್ತ ಮೂರನೆಯ ಭಾಷಣಕ್ಕೆ ಬಂದಿದ್ದ. "ಆ ಮೇಡಂ ಏನಂದ್ರಂದ್ರ, ನೀವು ಮಾಡಿದ್ದನ್ನ ಮಂದಿ ಹೆಂಗ ಬಳಸ್ತಾರ ಅಂತ ಹಿಂದ ಕುಂತು ನೋಡ್ರಿ. ಬಾಯಿ ಬಿಡಬ್ಯಾಡ್ರಿ."

"ಆಮ್ಯಾಲ?" ಎಂದರು ಲಲಿತಾಬಾಯಿ.

"ಆಮ್ಯಾಲ… ಊಟ ಇತ್ರಿ."

ಅಷ್ಟರಲ್ಲಿ, ಪುಟ ಮಾಡಿದವರು ಇಲ್ಲೇ ಇದ್ದಾರೆಂದು ತಿಳಿದು, ಹಣಮವ್ವ ಮೊಬೈಲ್ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಎದುರಿನ ಕಲ್ಲಿನ ಅಂಗಳದಲ್ಲಿ ಇಪ್ಪತ್ತು ವರ್ಷದಿಂದ ಪರ್ಸಿ ಹೊತ್ತವಳು. ಮಗಳು ರಾಧಿಕಾ ಅಜ್ಜಿಗೆ ಆರಾಮಿಲ್ಲವೆಂದು, ಮೊಬೈಲನ್ನು ತಾಯಿಗೆ ಬಿಟ್ಟು, ಕೊಡ್ಲಿ ಎಂಬ ಊರಿಗೆ ಹೋಗಿದ್ದಳು. ಹಾಸ್ಟೆಲ್ ಸಿಗದಿದ್ದರೆ ಅವಳ ನರ್ಸಿಂಗ್ ಓದು ಅಲ್ಲಿಗೇ ನಿಲ್ಲುತ್ತಿತ್ತು.

"ಎರಡು ಸಲ ತುಂಬೀನಿ ತಮ್ಮಾ. ಎರಡೂ ಸಲ ಹೊರಗ ಹಾಕ್ತು."

ಅಂಬರೇಶ ಅವಳ ಮೊಬೈಲಿಗೆ ಕೈ ಚಾಚಿದ. ಲಲಿತಾಬಾಯಿ ತಡೆದರು. "ನೀ ಸುಮ್ನ ಹಿಂದ ಕುಂದ್ರು. ಈಗರ ಹೇಳಿದ್ಯಲ್ಲ? ಅಕ್ಕ, ನೀ ತುಂಬು."

ಉಳಿದ ಸೀಟು ಐದು. ಹಣಮವ್ವ ನಾಲ್ಕನೆಯ ಇಯತ್ತೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಬೆರಳು ಒತ್ತಿದಳು. ಏನೂ ಆಗಲಿಲ್ಲ. ಕಲ್ಲು ತಿಂದ ಬೆರಳತುದಿ ಒಣಗಿ ನುಣುಪಾಗಿತ್ತು, ಗಾಜಿಗೆ ಅದರ ಸುಳಿವೇ ಹತ್ತಲಿಲ್ಲ. ಬೆರಳನ್ನು ನಾಲಿಗೆಗೆ ಹಚ್ಚಿ ಮತ್ತೆ ಒತ್ತಿದಳು. ಒಂದು ಅಕ್ಷರ ಬಂತು. ಮತ್ತೆ ನಾಲಿಗೆ, ಮತ್ತೊಂದು ಅಕ್ಷರ. ಮಗಳ ಹೆಸರು ಮುಗಿಯುವಷ್ಟರಲ್ಲಿ ಗಡಿಯಾರ ಒಂದು ನಿಮಿಷ ತಿಂದಿತ್ತು.

ಅಂಬರೇಶನಿಗೆ ಕುರ್ಚಿ ಚುಚ್ಚತೊಡಗಿತು. ಕೊನೆಯ ಮೂವತ್ತು ಸೆಕೆಂಡಿಗೆ ಅಂಕಿಗಳು ಮಿನುಗುವಂತೆ ಮಾಡಲು ಅವನು ಒಂದಿಡೀ ದಿನ ಕೂತಿದ್ದ. ಮಿನುಗಿದವು. ಹಣಮವ್ವ ಅವಸರಪಟ್ಟು ಒತ್ತಿದಳು. ಆಧಾರ್ ನಂಬರಿನ ಎರಡು ಅಂಕಿ ತಪ್ಪಿ ಬಿದ್ದವು, ಅಳಿಸಿದಳು. ಪುಟ ಖಾಲಿಯಾಯಿತು. ಉಳಿದ ಸೀಟು ಮೂರು.

"ನನ್ನ ಕೈಗೇ ಬರವಲ್ದು," ಎಂದು ಅವಳು ಅಂಗೈಯನ್ನು ಸೀರೆಗೆ ಉಜ್ಜಿಕೊಂಡಳು. ಅಂಬರೇಶನತ್ತ ತಿರುಗಿ, "ತಪ್ಪಾತೇನೋ ಯಪ್ಪಾ?" ಎಂದಳು.

ಅಂಬರೇಶ ಧರ್ಮಣ್ಣನವರನ್ನು ನೋಡಿದ. "ಸರ್, ಗಡಿಯಾರ ತೆಗೀಲೇನ್ರಿ?"

"ನಡದ ಪುಟಕ್ಕ ಕೈ ಹಚ್ಚಬ್ಯಾಡ. ಬಂದ್ ಬಿತ್ತಂದ್ರ ಎಲ್ಲರದೂ ಹೋಗ್ತದ. ಸಂಜಿಗಿ ನೋಡೋಣು."

ಸಂಜೆಗೆ ಸೀಟು ಇರುವುದಿಲ್ಲ. ಕೇಳದೆ ಹೀಗೆ ಕೈ ಹಚ್ಚಿದ್ದಕ್ಕೇ ಹೋದ ವರ್ಷ ಜೊತೆಗೆ ಕೆಲಸಕ್ಕಿದ್ದ ಅಜಯಕುಮಾರನನ್ನು ನೌಕರಿ ಬಿಡಿಸಿ ಮನೆಗೆ ಕಳಿಸಿದ್ದರು. ಅವನ ಕುರ್ಚಿಯೇ ಈಗ ಅಂಬರೇಶನದು.

ಉಳಿದ ಸೀಟು ಎರಡು. ಅಂಬರೇಶ ಎದ್ದು ತನ್ನ ಕಂಪ್ಯೂಟರಿಗೆ ಹೋದ. ಧರ್ಮಣ್ಣ, "ಏ ಅಂಬರೇಶಾ," ಎಂದರು. ಅವನು ತಿರುಗಲಿಲ್ಲ. ಗಡಿಯಾರ ಓಡಿಸುವ ಕೋಡಿನ ಸಾಲುಗಳನ್ನು ಅಳಿಸಿ ಪುಟವನ್ನು ಮತ್ತೆ ಸೈಟಿಗೆ ಏರಿಸಿದ. ಪುಟ ಬಿಳಿಯಾಯಿತು. ಐದು ಸೆಕೆಂಡು, ಆರು, ಏಳು. ಊರಿಗೆ ಹೋಗಿ ಅಪ್ಪನಿಗೆ ಏನು ಹೇಳಬೇಕೆಂದು ಅವನು ಒಂದು ವಾಕ್ಯ ಹೊಂದಿಸಿಕೊಳ್ಳುವಷ್ಟರಲ್ಲಿ ಪುಟ ಎದ್ದಿತು.

"ಯವ್ವಾ, ತಪ್ಪು ನಿಂದಲ್ಲ, ನಂದು. ಈಗ ನಿಧಾನ ತುಂಬು."

ಅವಳು ಏಳು ನಿಮಿಷ ತಗೊಂಡಳು. ಅಷ್ಟರಲ್ಲಿ ಇನ್ನೊಂದು ಸೀಟು ಹೋಯಿತು. ಕೊನೆಯ ಗುಂಡಿ ಎರಡು ಸಲ ಕೈಕೊಟ್ಟಿತು, ಮೂರನೆಯ ಸಲಕ್ಕೆ ರಾಧಿಕಾಳ ಹೆಸರು ನಲವತ್ತನೆಯದಾಗಿ ಬಂತು. ಹಣಮವ್ವ ಅದನ್ನು ಅಕ್ಷರ ಕೂಡಿಸಿ ಓದಿದಳು, ಮತ್ತೊಮ್ಮೆ ಓದಿದಳು.

ಲಲಿತಾಬಾಯಿ ನಗಲಿಲ್ಲ. "ಹತ್ತು ಗಂಟಿಯಿಂದ ಎಷ್ಟು ಮಂದೀನ ಹೊರಗ ಹಾಕ್ಯಾದಪ್ಪಾ ನಿನ್ನ ಗಡಿಯಾರ?"

ಅಂಬರೇಶ ತೆಗೆದು ನೋಡಿದ. ಅರ್ಜಿ ಅಳಿಸಿದ್ದರೂ, ಪುಟ ತೆರೆಯಲು ಮೊದಲೇ ಕೊಟ್ಟ ಮೊಬೈಲ್ ನಂಬರು, ಊರು, ಬಂದ ಹೊತ್ತು ಉಳಿದಿದ್ದವು. "ಹತ್ತೊಂಬತ್ತು ಮಂದಿ ಅದಾರ್ರಿ. ಚಿಂಚೋಳಿ ಕಡಿಯವರೇ ಭಾಳ."

"ಹಂಗಾದ್ರ ಈ ಪಟ್ಟಿ ಪಕ್ಕಾ ಅಲ್ಲ. ಅವರೂ ಹೊತ್ತಿಗಿ ಬಂದವರೇ. ಯಾರು ಎಷ್ಟೊತ್ತಿಗಿ ಬಂದ್ರು ಅಂತ ನೋಡಿ ಮತ್ತ ಬರೀಬೇಕು. ಎಲ್ಲರಿಗೂ ಫೋನ್ ಮಾಡು."

"ಇಕಿದು?" ಎಂದ ಅಂಬರೇಶ, ಹಣಮವ್ವನತ್ತ ನೋಡದೆ.

"ಇಕಿ ಮೊದಲನೇ ಸಲ ಬಂದ ಹೊತ್ತೂ ನೋಡು."

ಹತ್ತು ಗಂಟೆ ನಾಲ್ಕು ನಿಮಿಷ. ಅವಳ ಮುಂದೆ ಇದ್ದವರು ಬರೀ ಆರು ಜನ.

ಧರ್ಮಣ್ಣ ಆಫೀಸಿನ ಫೋನನ್ನು ಅವನ ಮುಂದೆ ಸರಿಸಿದರು. ನೌಕರಿ ಉಳಿಯಿತೋ ಹೋಯಿತೋ ಆ ಮುಖದಲ್ಲಿ ತಿಳಿಯಲಿಲ್ಲ. ಅಂಬರೇಶ ಮೊದಲನೆಯ ನಂಬರು ಒತ್ತಿದ.

"ಹಲೋ, ಯಾರ್ರಿ?" ಎಂದಿತು ಒಂದು ಹೆಣ್ಣುದನಿ.

"ಹಾಸ್ಟೆಲಿನ ಅರ್ಜಿ ಪುಟ ಮಾಡಿದಂವರಿ. ತಪ್ಪು ನಂದರಿ," ಎಂದು ಅವನು ಶುರುಮಾಡಿದ.