ತೆಮಿರ್‌ಕುಲ್‌ನ ಎಂಟು ಬಾಯಿಯ ಪೆಟ್ಟಿಗೆ

ಕರಾಕೋಲ್ ಪಟ್ಟಣದಲ್ಲಿ ಮಿನಿಬಸ್ಸು ಓಡಿಸುವ ತೆಮಿರ್‌ಕುಲ್‌ಗೆ ಕೋಮುಜ್ ನುಡಿಸುವ ಹುಚ್ಚು. ನುಡಿಸುವುದೇನೂ ಅಷ್ಟು ಚೆನ್ನಾಗಿರಲಿಲ್ಲ. ಮೂರೇ ತಂತಿಯ ಆ ವಾದ್ಯಕ್ಕೆ ಎಂಟು ಮೈಕು ಚುಚ್ಚುವಂಥ, ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ ತಂದ ದಿನ, ಅವನ ಹೆಂಡತಿ ನುರ್‌ಜಾದಾ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನೋಡಿದಳು.

"ಇದಕ್ಕೆ ಎಂಟು ಬಾಯಿ, ನಿನಗೊಂದು. ಮಿಕ್ಕ ಏಳರಲ್ಲಿ ಯಾರು ಹಾಡ್ತಾರೆ, ನಿನ್ನ ಬಸ್ಸಿನೋರಾ?"

"ನಿಂಗೇನು ಗೊತ್ತಾಗುತ್ತೆ ಬಿಡು. ಹಳೇದರಲ್ಲಿ ಗುಂಯ್ ಅಂತಿತ್ತು."

ಅದರ ಹಿಂದಿನದೂ ಗುಂಯ್ ಅಂತಿತ್ತು. ಆ ಗುಂಯ್ ಅವನ ಕಿವಿಗೆ ಬಿಟ್ಟು ಇನ್ಯಾರಿಗೂ ಕೇಳಿದ್ದಿಲ್ಲ. ಹಿಂದಿನ ಕೋಣೆಗೆ ಸ್ಟುಡಿಯೋ ಅಂತ ಹೆಸರಿಟ್ಟು, ನುರ್‌ಜಾದಾಳ ತವರಿನಿಂದ ಬಂದ ಕಂಬಳಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ. ಅಲ್ಲಿ ರೆಕಾರ್ಡ್ ಆಗಿದ್ದೇನು ಅಂದರೆ, "ಒಂದು, ಎರಡು, ಒಂದು, ಎರಡು." ಪೇಟೆಯಲ್ಲಿ ಅಶ್‌ಲ್ಯಾನ್‌ಫೂ ಅನ್ನುವ ತಣ್ಣನೆಯ ಖಾರದ ಶಾವಿಗೆ ಸಾರು ಮಾರುವ ನುರ್‌ಜಾದಾ ಗಿರಾಕಿಗಳಿಗೆ ಹೇಳುತ್ತಿದ್ದಳು: "ನಮ್ಮನೆಯವರು ದೊಡ್ಡ ಕಲಾವಿದರು. ಎರಡರ ತನಕ ಎಣಿಸ್ತಾರೆ."

ಕೊನೆಗೆ ಗುಂಯ್ ಅನ್ನುತ್ತಿದ್ದದ್ದು ಅಡುಗೆಮನೆಯ ಫ್ರಿಜ್ಜು ಅಂತ ಪತ್ತೆಯಾಯಿತು. ಕೊಂಡ ಪೆಟ್ಟಿಗೆಗಳೆಲ್ಲ ನಿರಪರಾಧಿಗಳು. ತೆಮಿರ್‌ಕುಲ್ ಫ್ರಿಜ್ಜಿನ ವೈರು ಕಿತ್ತು, ಸೋದರತ್ತೆ ಸಲ್ಕಿನಾಯ್‌ಳನ್ನು ಕರೆತಂದು ಮೈಕಿನ ಮುಂದೆ ಕೂರಿಸಿದ. ಸಾವಿನ ಮನೆಯಲ್ಲಿ ಹಾಡುವ ಕೊಶೋಕ್ ಹಾಡಲು ಸುತ್ತಮುತ್ತ ಆ ಮುದುಕಿಯ ಸಮ ಯಾರೂ ಇರಲಿಲ್ಲ. ಆ ದಿನ ಅವಳು ತೀರಿಹೋದ ತನ್ನ ಗಂಡನ ಮೇಲೆ ಹಾಡಿದಳು. ಬಾಗಿಲಲ್ಲಿ ನಿಂತಿದ್ದ ನುರ್‌ಜಾದಾ ಮೊದಲ ಸಲ ಕುಚೋದ್ಯ ಮರೆತು ಅತ್ತಳು. ಫ್ರಿಜ್ಜಿನಲ್ಲಿದ್ದ ಕುದುರೆ ಮಾಂಸ ಹಳಸಿದ್ದು ಮರುದಿನವಷ್ಟೇ ಗೊತ್ತಾಯಿತು.

ಇಂಟರ್‌ಫೇಸ್ ಆರಿಸಲು ಇಡೀ ಚಳಿಗಾಲ ತಲೆ ಕೆಡಿಸಿಕೊಂಡ ಗಂಡಸು, ಹಾಡನ್ನು ಇಡುವ ಹಾರ್ಡ್ ಡಿಸ್ಕನ್ನು ಮಾತ್ರ ಸಂತೆಯಲ್ಲಿ ಸಾಕ್ಸು ಮಾರುವವನ ಹತ್ತಿರ ಕೊಂಡಿದ್ದ. "ಇಡೀ ಇಸಿಕ್-ಕುಲ್ ಸರೋವರ ಹಿಡಿಸುತ್ತೆ ಅಣ್ಣಾ ಇದರಲ್ಲಿ," ಅಂದಿದ್ದನಂತೆ ಆ ಪುಣ್ಯಾತ್ಮ. ಹಿಡಿಸುತ್ತಿದ್ದದ್ದು ಒಂದು ಚೊಂಬಿನಷ್ಟು. ಅದು ತುಂಬಿದ ಮೇಲೆ ಒಂದರ ಮೇಲೊಂದು ಬರೆದುಕೊಂಡು ಡಿಸ್ಕು ಹಳೆಯದನ್ನೆಲ್ಲ ತಿಂದುಹಾಕಿತ್ತು. ಅತ್ತೆಯ ಹೆಸರಿನ ಫೈಲು ತೆರೆದರೆ ಚರಚರ ಸದ್ದು. ಕಂಪ್ಯೂಟರಿನಲ್ಲಿದ್ದ ಮೂಲವನ್ನು, ಜಾಗ ಸಾಲದು ಅಂತ ಇವನೇ ಅಳಿಸಿದ್ದ.

"ಎಂಟು ಬಾಯಿಯ ಪೆಟ್ಟಿಗೆ, ತೂತು ಹೊಟ್ಟೆ," ಅಂದಳು ನುರ್‌ಜಾದಾ. ಅವಳ ಧ್ವನಿಯಲ್ಲಿ ಈ ಸಲ ನಗುವಿರಲಿಲ್ಲ.

ತೆಮಿರ್‌ಕುಲ್ ಎರಡೇ ಬಾಯಿಯ ಹಳೆಯ ಚಿಕ್ಕ ಪೆಟ್ಟಿಗೆ ಹೊತ್ತು ಅತ್ತೆಯ ಮನೆಗೆ ಹೋದ. ಎಲ್ಲ ಜೋಡಿಸಿ, ರೆಕಾರ್ಡಿಂಗ್ ಶುರುಮಾಡಿ, ಆಮೇಲೆ ಮೆಲ್ಲಗೆ ಬಾಯಿಬಿಟ್ಟ: "ಅತ್ತೇ, ಆವತ್ತಿನ ಹಾಡು ಹಾಳಾಯ್ತು. ಇನ್ನೊಂದು ಸಲ ಹಾಡ್ತೀಯಾ?"

ಸಲ್ಕಿನಾಯ್ ಚಹಾದ ಬಟ್ಟಲು ಕೆಳಗಿಟ್ಟಳು. "ಲೋ ಕತ್ತೆ, ನನ್ನ ಗಂಡ ಎಷ್ಟು ಸಲ ಸಾಯಬೇಕೋ ನಿನಗೆ? ಅವನನ್ನ ಒಂದು ಸಲ ಮಣ್ಣಿಗೆ ಹಾಕಿದೆ, ಒಂದು ಸಲ ನಿನ್ನ ಡಬ್ಬಿಗೆ ಹಾಕಿದೆ. ಮಣ್ಣಾದ್ರೂ ಜೋಪಾನವಾಗಿ ಇಟ್ಕೊಂಡಿದೆ!"

ಅಲ್ಲಿಂದ ಶುರುವಾದ ಬೈಗುಳ ಚಹಾ ಪೂರ್ತಿ ಆರುವ ತನಕ ನಡೆಯಿತು. ಅವನ ಮೂಗು, ಬಸ್ಸು, ಬಾಲ್ಯ, ಕೋಮುಜ್ ಹಿಡಿಯುವ ರೀತಿ, ಯಾವುದನ್ನೂ ಅವಳು ಬಿಡಲಿಲ್ಲ. ಪ್ರಾಸಕ್ಕೆ ಪ್ರಾಸ ತಾನಾಗಿ ಬಂದು ಕೂರುತ್ತಿತ್ತು. ಕೊಶೋಕ್ ಮಾತ್ರ ಮತ್ತೆ ಹಾಡಲಿಲ್ಲ.

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆದರೆ ಯಂತ್ರ ನಿಲ್ಲಿಸಲಿಲ್ಲ. ಈ ಸಲ ನಂಬಿಕೆಯ ಅಂಗಡಿಯಿಂದ ಎರಡು ಡಿಸ್ಕು ತಂದು, ಆ ಬೈಗುಳವನ್ನು ಎರಡರಲ್ಲೂ ಇಟ್ಟ. ಈಗ ನೆಂಟರು ಮನೆಗೆ ಬಂದರೆ ಅವನ ಕೋಮುಜ್ ಯಾರಿಗೂ ಬೇಡ. "ಅತ್ತೆ ಬೈದದ್ದು ಹಾಕಪ್ಪಾ," ಅನ್ನುತ್ತಾರೆ. ಅವನು ಮುಖ ಸಿಂಡರಿಸಿಕೊಂಡೇ ಹಾಕುತ್ತಾನೆ. ನುರ್‌ಜಾದಾ ಮಾತ್ರ ಅಡುಗೆಮನೆಯಿಂದ ಕೂಗುತ್ತಾಳೆ, "ಇನ್ನೂ ಸ್ವಲ್ಪ ಜೋರಾಗಿಡು!"