ಸಾಲ್ಟ್‌ಬೆಕ್‌ನಿಂದ ಬಂದವರು ಒಬ್ಬರು

ಸಿರಿಲ್ ಥ್ವೇಟ್ ನಲವತ್ತು ವರ್ಷ ಹೆರಿಂಗ್ ಮೀನನ್ನು ಕೆಡದಂತೆ ಹೊಗೆಯಲ್ಲಿ ಹದಮಾಡಿದವನು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಅವನ ಕೋಟಿನ ಹತ್ತಿರ ನಿಂತರೆ ಓಕ್ ಮರದ ಹೊಟ್ಟು ಸುಟ್ಟ ವಾಸನೆ ಬರುತ್ತಿತ್ತು. ಊರಿನ ಬೆಕ್ಕುಗಳೆಲ್ಲ ಅವನಿಗೆ ಪರಿಚಯ. ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಹೆಂಡತಿ ಎನಿಡ್ ಮಾತಾಡುತ್ತಿದ್ದಳು.

ನಮ್ಮೂರಿನ ತಂಡವಾದ ಸಾಲ್ಟ್‌ಬೆಕ್ ಟೌನ್, ಫುಟ್‌ಬಾಲಿನ ಆರನೇ ದರ್ಜೆಯಲ್ಲಿ ಆಡುತ್ತದೆ. ಪಂದ್ಯಗಳ ಸಾಲು ಮುಗಿಯುವ ಪ್ರತಿ ಏಪ್ರಿಲ್ ಏಳನೆಯದಕ್ಕೆ ಬೀಳುವ ಭಯದಲ್ಲಿ ಕಳೆಯುತ್ತದೆ. ಪರವೂರಿನ ಪಂದ್ಯಗಳಿಗೆ ಹಿಂದೆ ಎರಡು ಬಸ್ಸು ತುಂಬಿ ಹೋಗುತ್ತಿದ್ದೆವು. ಆಮೇಲೆ ಒಂದು ಬಸ್ಸಾಯಿತು, ಆಮೇಲೆ ಒಂದು ವ್ಯಾನು. ಒಬ್ಬೊಬ್ಬರಿಗೆ ಒಂದೊಂದು ನೆಪ, ನನ್ನದು ಮಂಡಿನೋವು. ಕಡೆಗೆ ಉಳಿದವರು ಸಿರಿಲ್ ಮತ್ತು ಎನಿಡ್ ಇಬ್ಬರೇ. ಸಿರಿಲ್‌ಗೆ ಕಾರಿನಲ್ಲಿ ದೂರ ಹೋದರೆ ವಾಂತಿಯಾಗುತ್ತದೆ, ಹಾಗಾಗಿ ರೈಲು. ಇಪ್ಪತ್ತೆರಡು ವರ್ಷ ಅವರು ಒಂದು ಪಂದ್ಯವನ್ನೂ ಬಿಟ್ಟವರಲ್ಲ.

ದ್ವಿತೀಯಾರ್ಧದ ನಡುವೆ ಮೈದಾನದ ಧ್ವನಿವರ್ಧಕದಲ್ಲಿ ಆ ದಿನ ಎಷ್ಟು ಜನ ಬಂದಿದ್ದಾರೆಂದು ಹೇಳುತ್ತಾರೆ. ಎದುರು ತಂಡದ ಊರಿನಿಂದ ಎಷ್ಟು ಜನ ಎಂದೂ ಹೇಳುತ್ತಾರೆ. "ಇವತ್ತಿನ ಪ್ರೇಕ್ಷಕರು ಆರುನೂರ ಹನ್ನೆರಡು. ಸಾಲ್ಟ್‌ಬೆಕ್‌ನಿಂದ ಬಂದವರು ಇಬ್ಬರು." ಮೈದಾನವೆಲ್ಲ ನಗುತ್ತಿತ್ತು, ಆಮೇಲೆ ಚಪ್ಪಾಳೆ.

"ಒಂದೇ ಟ್ಯಾಕ್ಸಿಲಿ ಬಂದ್ರೇನ್ರೋ?" ಎಂದು ಆ ಕಡೆಯಿಂದ ಕೂಗು.

"ಸೈಕಲ್ಲಲ್ಲಿ ಕಣ್ರೋ," ಎನಿಡ್ ತಿರುಗಿ ಕೂಗುವಳು. "ಇವನು ತುಳಿದ, ನಾನು ಹಿಂದೆ ಕೂತು ಬೈದೆ."

ನಮ್ಮೂರ ರೇಡಿಯೋದಲ್ಲಿ ಆಟದ ವಿವರಣೆ ಕೊಡುವ ಡೆರಿಕ್ ಆ ಸಂಖ್ಯೆಯನ್ನು ತಪ್ಪದೆ ಮತ್ತೊಮ್ಮೆ ಹೇಳುತ್ತಿದ್ದ. ಸಾಲ್ಟ್‌ಬೆಕ್‌ನ ಪಬ್ಬಿನಲ್ಲಿ "ಎಷ್ಟು ಅಂದ್ರು?" ಎಂದು ಕೇಳಿದರೆ ಗೋಲಿನ ಮಾತಲ್ಲ. ಇಬ್ಬರೂ ಕ್ಷೇಮವಾಗಿ ತಲುಪಿದರೇ ಎಂದು.

ಸೆಪ್ಟೆಂಬರಿನಲ್ಲಿ ಎನಿಡ್ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಳು. ನವೆಂಬರಿಗೆ ಗುಡ್ಡದ ಮೇಲಿನ ಶುಶ್ರೂಷಾಲಯಕ್ಕೆ ಸೇರಿಸಿದರು. ಅಲ್ಲಿ ಸೇರಿದವರನ್ನು ಮನೆಗೆ ಯಾವಾಗ ಎಂದು ಯಾರೂ ಕೇಳುವುದಿಲ್ಲ. ಸಿರಿಲ್ ಪಂದ್ಯಗಳಿಗೆ ಹೋಗುವುದಿಲ್ಲ ಎಂದ. ಎನಿಡ್ ಬಿಡಲಿಲ್ಲ.

"ಇಲ್ಲಿ ಕೂತು ಏನ್ ಮಾಡ್ತೀಯಾ? ನನ್ನ ಮುಖ ನೋಡ್ತೀಯಾ? ಅದರಲ್ಲಿ ಈಗ ನೋಡೋಕೇನೂ ಉಳಿದಿಲ್ಲ. ಹೋಗು. ನಾನು ರೇಡಿಯೋದಲ್ಲಿ ನಿನ್ನ ಕೇಳಿಸ್ಕೊಳ್ತೀನಿ."

ಅವನು ಹೋದ. ಶನಿವಾರ ಸಂಜೆಯಾಗುತ್ತಲೇ ಅವಳು ದಿಂಬಿನ ಪಕ್ಕದ ರೇಡಿಯೋ ಜೋರು ಮಾಡುವಳು. "ಸಾಲ್ಟ್‌ಬೆಕ್‌ನಿಂದ ಬಂದವರು ಒಬ್ಬರು." ನರ್ಸ್ ಇಫೆಯೋಮಾ ಕಡೆ ತಿರುಗಿ, "ಅದು ನಮ್ಮನೆಯವ್ನು," ಎನ್ನುವಳು.

ಜನವರಿಯ ಒಂದು ಶುಕ್ರವಾರ ನಾನು ಹಣ್ಣು ತೆಗೆದುಕೊಂಡು ನೋಡಲು ಹೋಗಿದ್ದೆ. ವಾಪಸ್ ಹೊರಟಾಗ ಸಿರಿಲ್ ಬಾಗಿಲಿನವರೆಗೆ ಬಂದ.

"ನಾಳೆ ಪಂದ್ಯಕ್ಕೆ ಕೂಂಬ್‌ಮೌತ್‌ಗೆ ಬಾರೋ ಲೆನ್."

"ಅಷ್ಟು ದೂರಾನಾ? ನನ್ನ ಮಂಡಿ ಅರ್ಧ ದಾರೀಲೇ ಇಳ್ಕೊಂಡು ಮನೆಗೆ ಹೋಗುತ್ತೆ ಮಾರಾಯ."

"ಕಾರಲ್ಲಿ ಬಾ, ನಿಧಾನವಾಗಿ. ನಾನು ರೈಲಲ್ಲಿ ಬರ್ತೀನಿ, ಗೇಟ್ ಹತ್ರ ಸಿಗೋಣ." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಸೆಪ್ಟೆಂಬರಿಂದ ಅವಳು 'ಇಬ್ಬರು' ಅನ್ನೋದು ಕೇಳಿಲ್ಲ. ನಾಳೆ ಒಂದು ಸಲ ಕೇಳಲಿ. ಅವಳಿಗೆ ಹೇಳಿಲ್ಲ ನಾನು."

ಅಷ್ಟು ಉದ್ದದ ಮಾತನ್ನು ನಾನು ಅವನ ಬಾಯಲ್ಲಿ ಅದಕ್ಕೆ ಮುಂಚೆ ಕೇಳಿರಲಿಲ್ಲ. "ಬರ್ತೀನಿ," ಎಂದೆ. "ಖಂಡಿತ ಬರ್ತೀನಿ."

ಶನಿವಾರ ಬೆಳಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕಟ್ಟಿತ್ತು. ಕೆರೆದು ತೆಗೆದೆ. ಬೆರಳು ಮರಗಟ್ಟಿತೆಂದು ಒಳಗೆ ಬಂದು ಚಹಾ ಮಾಡಿಕೊಂಡೆ. ಕುಡಿದು ಹೊರಗೆ ಹೋದರೆ ಗಾಜು ಮತ್ತೆ ಬೆಳ್ಳಗಾಗಿತ್ತು. ಅಡುಗೆಮನೆ ಬೆಚ್ಚಗಿತ್ತು. ಎರಡನೇ ಚಹಾ ಕುಡಿಯುತ್ತ ಯೋಚಿಸಿದೆ: ಇಬ್ಬರು ಆಗದಿದ್ದರೆ ಏನು, ಸಿರಿಲ್ ಇದ್ದೇ ಇರುತ್ತಾನಲ್ಲ, ಒಬ್ಬರು ಎಂದಂತೂ ಹೇಳುತ್ತಾರೆ. ಎಂಟು ಗಂಟೆಯಾಯಿತು. ಇನ್ನು ಹೊರಟರೂ ಆಟ ಶುರುವಾಗುವಷ್ಟರಲ್ಲಿ ತಲುಪುವುದಿಲ್ಲ ಎನ್ನುವ ಹೊತ್ತಾದಾಗ ನನಗೆ ಹಗುರವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಹಗುರವಾದದ್ದು ನಿಜ.

ಮಧ್ಯಾಹ್ನ ರೇಡಿಯೋ ಹಾಕಿಕೊಂಡು ಕೂತೆ. ನಾವು ಒಂದು ಗೋಲು ಹಿಂದಿದ್ದೆವು. ನಾಲ್ಕೂವರೆಯ ಹೊತ್ತಿಗೆ ಡೆರಿಕ್ ಹೇಳಿದ: "ಪ್ರೇಕ್ಷಕರು ನಾನೂರ ಎಂಬತ್ತು. ಸಾಲ್ಟ್‌ಬೆಕ್‌ನಿಂದ..." ಅವನು ತಡೆದ. ಕಾಗದದ ಸದ್ದು ಕೇಳಿಸಿತು. "ಸಾಲ್ಟ್‌ಬೆಕ್‌ನಿಂದ ಯಾರೂ ಬಂದಿಲ್ಲವಂತೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಏನಾಗಿದೆಯೋ ಗೊತ್ತಿಲ್ಲ."

ಸಿರಿಲ್‌ಗೆ ಫೋನ್ ಮಾಡಿದೆ. ಆಫ್ ಆಗಿತ್ತು. ಮತ್ತೆ ಮಾಡಿದೆ. ಗುಡ್ಡದ ಮೇಲಕ್ಕೆ ಹೋಗಿ ಎನಿಡ್‌ಳ ಕೈ ಹಿಡಿದು ಕೂರಬಹುದಿತ್ತು. ಕಾರಿನಲ್ಲಿ ಏಳೇ ನಿಮಿಷದ ದಾರಿ, ಗಾಜಿನ ಹಿಮ ಆಗಲೇ ಕರಗಿತ್ತು. ಹೋಗಲಿಲ್ಲ. ಅದಕ್ಕೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಎನಿಡ್ ತೀರಿಕೊಂಡಳು. ಸಿರಿಲ್ ಆ ಕೋಣೆಯ ಬಾಗಿಲಿಗೆ ಬಂದಾಗ ಐದು ಗಂಟೆ ಐದು ನಿಮಿಷ.

ಭಾನುವಾರ ಮಧ್ಯಾಹ್ನ ಅವನ ಮನೆಗೆ ಹೋದೆ. ಕೋಟು, ಮಫ್ಲರು ತೆಗೆಯದೆ ಒಲೆಯ ಮುಂದೆ ಕೂತಿದ್ದ. ಒಲೆ ಹೊತ್ತಿಸಿರಲಿಲ್ಲ.

"ಬ್ರಿಸ್ಟಲ್‌ನಲ್ಲಿ ಗಾಡಿ ಬದಲಿಸಬೇಕಿತ್ತು," ಎಂದ. "ಬುತ್ತಿ ಡಬ್ಬಿ ತೆಗೆದೆ. ನಾನೇ ಕಟ್ಕೊಂಡಿದ್ದು. ನೋಡಿದ್ರೆ ಇಬ್ಬರಿಗೆ ಕಟ್ಟಿದೀನಿ. ಅವಳ ಬ್ರೆಡ್ಡಿನ ಅಂಚು ಸಹ ಕೊಯ್ದು ತೆಗೆದಿದೀನಿ." ಮಫ್ಲರಿನ ತುದಿಯನ್ನು ಮಂಡಿಯ ಮೇಲೆ ನೇರ ಮಾಡಿದ. "ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ. ನೀನು ಹೇಗೂ ಅಲ್ಲಿರ್ತೀಯಲ್ಲ, ಒಬ್ಬರು ಅಂತಾರೆ, ಅವಳಿಗೆ ಗಾಬರಿಯಾಗಲ್ಲ ಅಂತ ತಿರುಗಿ ಬರೋ ಗಾಡಿ ಹತ್ತಿದೆ. ಯಾರ್ಕ್‌ನಲ್ಲಿ ಒಂದು ಗಂಟೆ ನಿಲ್ಲಿಸಿಬಿಟ್ರು."

"ಒಂದು ಫೋನ್ ಮಾಡಬಾರದಿತ್ತಾ?"

"ಮಾಡಿದ್ರೆ 'ತಿರುಗಿ ಹೋಗು' ಅಂತಿದ್ಲು. ಅದಕ್ಕೇ ಆಫ್ ಮಾಡಿಟ್ಟೆ." ಅವನು ನನ್ನ ಕಡೆ ನೋಡಿದ. "ನೀನು ಹೋಗಿದ್ದೆ ತಾನೇ ಲೆನ್?"

"ಹೋಗಿದ್ದೆ."

"ಒಬ್ಬರು ಅಂದ್ರಾ?"

"ಅಂದ್ರು. ಚಪ್ಪಾಳೆನೂ ತಟ್ಟಿದ್ರು."

ಅವನು ತಲೆಯಾಡಿಸಿದ. ಆಮೇಲೆ, "ಪಂದ್ಯದ ಪುಸ್ತಿಕೆ ಕೊಡು," ಎಂದ. "ಮಣ್ಣು ಮಾಡೋವಾಗ ಅವಳ ಪೆಟ್ಟಿಗೆಯಲ್ಲಿ ಇಡ್ತೀನಿ. ಇದೊಂದು ಮಾತ್ರ ನಮ್ಮತ್ರ ಇಲ್ಲ."

ಗೇಟಿನಲ್ಲಿ ಮಾರುವ ಹದಿನಾರು ಪುಟದ ಆ ಪುಸ್ತಿಕೆಯಿಲ್ಲದೆ ಪರವೂರಿನ ಪಂದ್ಯದಿಂದ ನಮ್ಮವರು ಯಾರೂ ಮರಳುವುದಿಲ್ಲ. ಮನೆಯಲ್ಲಿದೆ, ಹುಡುಕಿ ತರುತ್ತೇನೆ ಎಂದೆ.

ಸೋಮವಾರ ಕತ್ತಲಿರುವಾಗಲೇ ಎದ್ದು ಕಾರು ತೆಗೆದೆ. ಕೂಂಬ್‌ಮೌತ್ ತಲುಪಲು ಎಂಟು ಗಂಟೆ ಹಿಡಿಯಿತು. ಮಂಡಿಗೆ ಏನೂ ಆಗಲಿಲ್ಲ. ಮೈದಾನದ ಕಚೇರಿಯಲ್ಲಿ ಒಬ್ಬ ಹೆಂಗಸು ಕಸದ ಚೀಲ ಕಟ್ಟುತ್ತಿದ್ದಳು.

"ಶನಿವಾರದ್ದಾ? ಇರಬೇಕು ನೋಡ್ತೀನಿ. ನಿಮ್ಮೂರಿನವರು ಯಾರೂ ಬರಲಿಲ್ಲ ಈ ಸಲ. ಆ ಇಬ್ಬರು ಹುಷಾರಾಗಿದಾರಾ? ಆಯಮ್ಮ ಪ್ರತಿ ವರ್ಷ ಬರುವಾಗ ನನಗೆ ಹೊಗೆಮೀನು ತರ್ತಿದ್ರು. ಮೂರು ದಿನ ಕಚೇರಿ ನಾರ್ತಿತ್ತು."

ಹುಷಾರಾಗಿದ್ದಾರೆ ಎಂದೆ. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದಕ್ಕೆ ನಾಲಿಗೆ ತಡವರಿಸುವುದಿಲ್ಲ.

ಮಂಗಳವಾರ ಪುಸ್ತಿಕೆಯನ್ನು ಸಿರಿಲ್ ಕೈಗಿಟ್ಟೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಒಯ್ದ. ಹಿಂದೆ ಮುಂದೆ ತಿರುಗಿಸಿದ. ನಡುವಿನ ಪುಟ ತೆರೆದ. ಆಟಗಾರರ ಪಟ್ಟಿ ಇರುವ ಪುಟ ಅದು.

ಆಗ ನನಗೆ ಹೊಳೆಯಿತು. ಪಂದ್ಯ ನೋಡಿದವನ ಪುಸ್ತಿಕೆ ಉದ್ದಕ್ಕೆ ಮಡಚಿರುತ್ತದೆ, ಕೋಟಿನ ಒಳಜೇಬಿಗೆ ಹೋಗಿ ಬಂದಿರುತ್ತದೆ. ಅಚ್ಚಾದ ಪಟ್ಟಿಯಲ್ಲಿ ಆಡದವನ ಹೆಸರು ಹೊಡೆದುಹಾಕಿ, ಬದಲಿಗೆ ಬಂದವನ ಹೆಸರನ್ನು, ಬಂದ ನಿಮಿಷವನ್ನು ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ಎಷ್ಟು ಜನ ಎಂದು ಹೇಳಿದ ತಕ್ಷಣ ಅದನ್ನು ಮೇಲೆ ಮೂಲೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ನಾವೆಲ್ಲರೂ ಮಾಡುವುದೇ ಅದು. ಎರಡು ಬಸ್ಸಿನ ಕಾಲದಲ್ಲಿ ನಾನೂ ಮಾಡಿದ್ದೇನೆ. ನನ್ನ ಕೈಯಿಂದ ಅವನಿಗೆ ಹೋದದ್ದು ಇಸ್ತ್ರಿ ಮಾಡಿದಂತಿತ್ತು. ಒಂದು ಗೆರೆಯಿರಲಿಲ್ಲ.

ಸಿರಿಲ್ ಆ ಪುಟವನ್ನು ಬಹಳ ಹೊತ್ತು ನೋಡಿದ. ನಾನು ಬಾಯಿ ತೆರೆದೆ.

"ಬೇಡ," ಎಂದ.

ಕೋಟಿನ ಜೇಬಿನಿಂದ ಪೆನ್ಸಿಲಿನ ತುಂಡು ತೆಗೆದ. ಮೇಜಿನ ಹತ್ತಿರ ನಿಂತುಕೊಂಡೇ ಮೇಲಿನ ಮೂಲೆಯಲ್ಲಿ ಏನೋ ಬರೆದ. ಪುಸ್ತಿಕೆಯನ್ನು ಉದ್ದಕ್ಕೆ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳು ಎಳೆದು, ಜೇಬಿಗಿಟ್ಟ.

"ಚಳಿ ಜಾಸ್ತಿ ಇದೆ. ಮನೆಗೆ ಹೋಗು ಲೆನ್," ಎಂದ.

ಎರಡು ವಾರದ ಮೇಲೆ ಮಣ್ಣು ಮಾಡಿದೆವು. ಚರ್ಚಿನ ಹಿಂದಿನ ಕೋಣೆಯಲ್ಲಿ ಚಹಾ ಕೊಡುವಾಗ ನರ್ಸ್ ಇಫೆಯೋಮಾ ನನ್ನ ಪಕ್ಕ ಬಂದು ನಿಂತಳು.

"ನೀವು ಅವರ ಸ್ನೇಹಿತರಲ್ವಾ? ಒಂದು ಕೇಳಬೇಕು. ನನಗೆ ಫುಟ್‌ಬಾಲ್ ತಿಳಿಯಲ್ಲ. ಆವತ್ತು ರೇಡಿಯೋದಲ್ಲಿ ಯಾರೂ ಬಂದಿಲ್ಲ ಅಂದಾಗ ಎನಿಡಮ್ಮ ಕೈಚಾಚಿ ಅದನ್ನ ಆರಿಸಿಬಿಟ್ರು. ರೈಲು ತಡವಾಗಿರಬೇಕು ಅಂದೆ. 'ಬದುಕಿದ್ರೆ ಹೋಗದೆ ಇರೋನಲ್ಲ ಅವನು,' ಅಂದ್ರು. ಆಮೇಲೆ ತುಂಬಾ ಸಮಾಧಾನವಾಗಿ, 'ನನಗಿಂತ ಮುಂಚೆ ಹೊರಟುಬಿಟ್ಟ ಮುದುಕ. ಇನ್ನು ಯಾರಿಗೆ ಕಾಯ್ಲಿ,' ಅಂತ ಗೋಡೆ ಕಡೆ ತಿರುಗಿದ್ರು. ಯಜಮಾನರಿಗೆ ಏನಾಯ್ತು ಅಂತ ಪೊಲೀಸರಿಗೆ ಫೋನ್ ಮಾಡಿ ಬರೋಷ್ಟರಲ್ಲಿ ಉಸಿರು ನಿಂತಿತ್ತು. ಯಜಮಾನರಿಗೆ ಇದನ್ನ ಹೇಳಿಲ್ಲ, ನಿದ್ದೆಯಲ್ಲಿ ಹೋದ್ರು ಅಂದಿದೀನಿ." ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಯಾಕೆ ಹಾಗಂದ್ಕೊಂಡ್ರು?"

ಗೊತ್ತಿಲ್ಲ ಎಂದೆ.

ಸಿರಿಲ್ ಆಚೆ ಗೋಡೆಯ ಹತ್ತಿರ, ಯಾರೋ ಕೊಟ್ಟ ಕೇಕಿನ ತಟ್ಟೆ ಹಿಡಿದು ನಿಂತಿದ್ದ. ಅವನು ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ, ಊರಿನದಕ್ಕೂ. ಪಬ್ಬಿಗೂ ಬರುವುದಿಲ್ಲ.

ಈಗ ನಾನು ಹೋಗುತ್ತೇನೆ. ಎಲ್ಲದಕ್ಕೂ. ಪರವೂರಿನವರಿಗೆಂದು ಬಿಟ್ಟ ಖಾಲಿ ಮೆಟ್ಟಿಲುಗಳ ಮೇಲೆ, ಮಳೆಯಲ್ಲಿ, ಹಿಮದಲ್ಲಿ. ಟ್ಯಾಕ್ಸಿಯ ಕೂಗಿಗೆ ತಿರುಗಿ ಹೇಳಲು ನನಗೆ ಏನೂ ತೋಚುವುದಿಲ್ಲ. ಸಾಲ್ಟ್‌ಬೆಕ್‌ನಿಂದ ಬಂದವರು ಒಬ್ಬರು ಎಂದಾಗ ಬರೆದುಕೊಳ್ಳುತ್ತೇನೆ. ಭಾನುವಾರ ಬೆಳಗ್ಗೆ ಆ ಪುಸ್ತಿಕೆಯನ್ನು ಸಿರಿಲ್‌ನ ಬಾಗಿಲಿನ ಟಪಾಲು ಸೀಳಿನಲ್ಲಿ ತೂರಿಸುತ್ತೇನೆ. ಒಳಗೆ ಅದು ಚಾಪೆಯ ಮೇಲೆ ಬೀಳುವ ಸದ್ದಾಗುತ್ತದೆ. ಅದನ್ನು ಎತ್ತಿಕೊಳ್ಳಲು ಹೆಜ್ಜೆ ಬರುತ್ತದೆಯೇ ಎಂದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಲ್ಲುತ್ತೇನೆ.

ಕೆಲವು ವಾರ ಬರುತ್ತದೆ.