ಒಡಪಿನಲ್ಲಿ ಉಳಿದ ಹೆಸರು

ನಾನು ಬಿ.ಎ.ಗೆ ಮನಃಶಾಸ್ತ್ರ ತೆಗೆದುಕೊಂಡಾಗ ರಾಮದುರ್ಗದ ನಮ್ಮ ಓಣಿಯವರು ಅದನ್ನು ಎದುರಿನವರ ಮನಸ್ಸು ಓದುವ ವಿದ್ಯೆ ಎಂದೇ ತಿಳಿದರು. ಹೆಣ್ಣು ನೋಡಲು ಹೊರಟವರು ನನ್ನನ್ನೂ ಜೀಪು ಹತ್ತಿಸುತ್ತಿದ್ದರು. ನಾವು ಓದುತ್ತಿದ್ದದ್ದೇ ಬೇರೆ: ಮೆದುಳಿನ ಯಾವ ಭಾಗ ಕೆಟ್ಟರೆ ಮನುಷ್ಯನ ಯಾವ ನಡವಳಿಕೆ ಕೆಡುತ್ತದೆ ಎಂಬುದು. ಚಿತ್ರ ಬರೆದು, ಬಣ್ಣ ತುಂಬಿ, ಪರೀಕ್ಷೆಗೆ ಉರು ಹೊಡೆಯುತ್ತಿದ್ದೆವು.

ಕೊನೆಯ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ಅಕಿ ಮಾತಾಡದಿದ್ರೂ ನಡೀತೈತಿ. ನಾ ಯಾರಂತ ಅಕಿಗಿ ಗೊತ್ತೈತೋ ಇಲ್ಲೋ, ಅಷ್ಟ ಹೇಳು. ಅದನ್ನ ಓದಾಕತ್ತೀಯಲ್ಲ?"

ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕಾಲೇಜಿನ ಮಾಸ್ತರರನ್ನು ಮನೆಗೆ ಕರೆತಂದೆ. ಅವರು ಮೈಸೂರು ಕಡೆಯವರು, ಇನ್ನೂ ಮದುವೆಯಾಗದವರು. ಚಮಚ ತೋರಿಸಿದರು, ಬೀಗ ತೋರಿಸಿದರು, ಅವ್ವ ಸುಮ್ಮನಿದ್ದಳು. ಅಪ್ಪನನ್ನು ತೋರಿಸಿ, "ಇವರ ಹೆಸರೇನು, ಹೇಳಿ ಅಮ್ಮ" ಎಂದರು. ಅವ್ವ ಎಡಗೈಯಿಂದ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಗುರುತು ಸಿಕ್ಕಿದ ಹಾಗಿಲ್ಲ" ಎಂದು ಅವರು ನನಗೆ ಮೆಲ್ಲಗೆ ಹೇಳಿದ್ದು ಅಪ್ಪನಿಗೂ ಕೇಳಿಸಿತು. ಅವನ ಮುಖ ನೋಡುವುದು ನನ್ನಿಂದಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತಿ, ಅಪ್ಪನ ತಂಗಿ, ಸಿಡುಕಿದಳು. "ಗಂಡನ ಹೆಸರು ಹಂಗ ಯಾರು ಹೇಳತಾರ್ರಿ ಸರ? ಒಡಪು ಹೇಳಂತ ಕೇಳಬೇಕು."

ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಸೇರಿಸಿಯೇ ಹೇಳುವುದು, ಅದೂ ಮದುವೆ ಸೀಮಂತಗಳಲ್ಲಿ, ಬಲವಂತ ಮಾಡಿದರೆ. ಅತ್ತಿ ಅವ್ವನ ಮುಂದೆ ಕೂತು ಅವಳದೇ ಹಳೆಯ ಒಡಪನ್ನು ಎತ್ತಿಕೊಟ್ಟಳು: "ಮಲಪ್ರಭಾ ಹೊಳಿಯಾಗ ಮಲ್ಲಿಗಿ ತೇಲಿ ಬಂತ..."

ಅವ್ವನ ತುಟಿ ಅಲುಗಿತು. ರಾಗ ತಪ್ಪದೆ ಉಳಿದದ್ದನ್ನು ಹೇಳಿದಳು, ಕೊನೆಯಲ್ಲಿ ಅಪ್ಪನ ಹೆಸರನ್ನೂ. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಅಂಗಳಕ್ಕೆ ಬಂದ ಮೇಲೆ ಮಾಸ್ತರರು ವಿವರಿಸಿದರು: ಬಾಯಿಪಾಠವಾದ ಮಾತು ಮೆದುಳಿನಲ್ಲಿ ಬೇರೆ ದಾರಿಯಿಂದ ಬರುತ್ತದೆ, ಅಷ್ಟರಿಂದಲೇ ಗುರುತಿದೆ ಎನ್ನಲು ಬರುವುದಿಲ್ಲ. ಸರಿಯಾದ ಮಾತೇ. ನನಗೆ ಅವರ ಮೇಲೆ ಸಿಟ್ಟು ಬಂತು. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಮರುದಿನ ಅಪ್ಪ ಸಂತೆಗೆ ಹೋಗಿದ್ದಾಗ ಅವ್ವ ತಾನಾಗಿಯೇ ಒಡಪು ಹೇಳತೊಡಗಿದಳು. ಅತ್ತಿ ನೀರು ತಂದಳು; ಅವ್ವ ಬೇಡವೆಂದು ತಲೆಯಾಡಿಸಿದಳು. ನಾನು ಹೋಗಿ ಕೂತೆ. ನನ್ನ ಹೆಗಲಾಚೆ ಬಾಗಿಲು ನೋಡುತ್ತ ಮತ್ತೆ ಮೊದಲಿನಿಂದ ಎತ್ತಿದಳು. ಅಪ್ಪ ಬಂದವನು ಕೈಚೀಲವನ್ನೂ ಕೆಳಗಿಡದೆ ಎದುರಿಗೆ ಕೂತ. ಆಗ ಸುಮ್ಮನಾದಳು.